ಕೊಡಗಿನ ಗಾಳಿಮಳೆಗೆ ಅಲುಗದಂತೆ ಹಿತ್ತಲ ಶೆಡ್ಡನ್ನು ಕಾಂಕ್ರೀಟಿಗೆ ಬಿಗಿಯುವ ಕ್ರಮ

ಕೊಡಗಿನಲ್ಲಿ ಹಿತ್ತಲಲ್ಲೊಂದು ಶೆಡ್ಡಿಲ್ಲದ ಮನೆ ಅಪರೂಪ. ಮಳೆಗಾಲಕ್ಕೆ ಕೂಡಿಟ್ಟ ಸೌದೆ, ಕರಿಮೆಣಸು ಕೊಯ್ಯುವ ಏಣಿ, ಕಳೆ ಕೊಚ್ಚುವ ಯಂತ್ರ, ಗೊಬ್ಬರದ ಮೂಟೆ, ಖಾಲಿ ಚೀಲಗಳು ಎಲ್ಲಕ್ಕೂ ಅದೇ ಆಸರೆ. ಆದರೆ ಮನೆ ಕಟ್ಟುವಾಗ ಅಡಿಪಾಯದ ಬಗ್ಗೆ ನಾಲ್ಕು ಜನರನ್ನು ಕೇಳುವ ನಾವು ಶೆಡ್ಡಿನ ವಿಷಯ ಬಂದಾಗ ನಾಲ್ಕು ಗುಂಡಿ ತೋಡಿ, ಕಂಬ ನೆಟ್ಟು, ಮೇಲೆ ಶೀಟು ಹೊದಿಸಿ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ನಾನೂ ಹಾಗೆಯೇ ಮಾಡಿದ್ದೆ. ನಮ್ಮ ಮೊದಲ ಶೆಡ್ಡನ್ನು ಆಶ್ಲೇಷ ಮಳೆಯ ಒಂದು ರಾತ್ರಿ ಗಾಳಿ ಎತ್ತಿ ಹಾಕಿತು. ಬೆಳಿಗ್ಗೆ ಹೋಗಿ ನೋಡಿದಾಗ ಅದು ಕಾಫಿ ಗಿಡಗಳ ಮೇಲೆ ಮಗುಚಿ ಬಿದ್ದಿತ್ತು. ಮೇಲೆ ಚಾಚಿಕೊಂಡಿದ್ದ ನಾಲ್ಕು ಕಂಬಗಳ ಬುಡದಲ್ಲಿಯೂ ಕಾಂಕ್ರೀಟಿನ ಗಟ್ಟಿಗಳು ಹಾಗೆಯೇ ಕಚ್ಚಿಕೊಂಡಿದ್ದವು. ಅವುಗಳ ಮೈಗೆ ಮೆತ್ತಿದ್ದ ಕೆಂಪು ಮಣ್ಣು ಮಳೆಗೆ ಕರಗಿ ಪೈಪಿನ ಮೇಲೆ ಇಳಿಯುತ್ತಿತ್ತು. ಒಂದು ಬೋಲ್ಟೂ ಸಡಿಲವಾಗಿರಲಿಲ್ಲ, ಕಂಬ ಬಾಗಿರಲಿಲ್ಲ, ಕಾಂಕ್ರೀಟು ಒಡೆದಿರಲಿಲ್ಲ. ಕೈಬಿಟ್ಟದ್ದು ನೆಲ.

ಶೆಡ್ಡನ್ನು ಬಿಗಿಯುವುದೆಂದರೆ ಒಳ್ಳೆಯ ಬೋಲ್ಟು ಹಾಕುವುದು ಎಂದು ತಿಳಿದವರಿಗೆ ಆ ನಾಲ್ಕು ಗಟ್ಟಿಗಳನ್ನು ತೋರಿಸಬೇಕೆಂದು ನನಗೆ ಇಂದಿಗೂ ಅನಿಸುತ್ತದೆ. ಶೀಟಿನಿಂದ ಅದನ್ನು ಹೊರುವ ಅಡ್ಡಪಟ್ಟಿಯಾದ ಪರ್ಲಿನ್ನಿಗೆ, ಪರ್ಲಿನ್ನಿನಿಂದ ಕಂಬಕ್ಕೆ, ಕಂಬದಿಂದ ಅದರ ಬುಡದ ಉಕ್ಕಿನ ತಟ್ಟೆಯಾದ ಬೇಸ್ ಪ್ಲೇಟಿಗೆ, ಅಲ್ಲಿಂದ ಬೋಲ್ಟಿಗೆ, ಬೋಲ್ಟಿನಿಂದ ಕಾಂಕ್ರೀಟಿಗೆ ಹೀಗೆ ಗಾಳಿಯ ಎಳೆತ ಇಳಿದು ಬರುವ ದಾರಿಯಲ್ಲಿ ಒಂದೊಂದು ಕೊಂಡಿಯೂ ಹಿಡಿಯಬೇಕು. ಕೊನೆಗೆ ಆ ಕಾಂಕ್ರೀಟಿಗೂ ಗಾಳಿಯನ್ನು ಮೀರಿಸುವಷ್ಟು ತೂಕವಿರಬೇಕು. ಈ ಬರಹ ಆ ಕೊಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಕೂಡಿಸುವ ಬಗೆಯನ್ನು ಹೇಳುತ್ತದೆ. ಉದಾಹರಣೆಗೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ, ಕಬ್ಬಿಣದ ಚೌಕ ಪೈಪಿನ ಕಂಬಗಳ, ಜಿಐ (ಸತು ಲೇಪಿಸಿದ) ಶೀಟಿನ ಗೋಡೆ ಮತ್ತು ಮಾಡಿನ (ಚಾವಣಿಯ) ಶೆಡ್ಡನ್ನು ಇಟ್ಟುಕೊಳ್ಳೋಣ.

ಗಾಳಿ ಎತ್ತುವ ತೂಕದ ಲೆಕ್ಕ

ಗಾಳಿ ಶೆಡ್ಡನ್ನು ಪಕ್ಕಕ್ಕೆ ನೂಕುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಅದು ಮಾಡನ್ನು ಮೇಲಕ್ಕೆ ಹೀರುತ್ತದೆ ಎಂಬುದು ಅಷ್ಟಾಗಿ ಕಾಣುವುದಿಲ್ಲ. ಮಾಡಿನ ಮೇಲೆ ವೇಗವಾಗಿ ಹರಿಯುವ ಗಾಳಿ ಅಲ್ಲಿನ ಒತ್ತಡವನ್ನು ತಗ್ಗಿಸುತ್ತದೆ, ಬಾಗಿಲು ಅಥವಾ ತೆರೆದ ಪಕ್ಕದಿಂದ ಒಳನುಗ್ಗಿದ ಗಾಳಿ ಕೆಳಗಿನಿಂದ ಶೀಟನ್ನು ತಳ್ಳುತ್ತದೆ, ಎರಡೂ ಸೇರಿ ಶೆಡ್ಡನ್ನು ನೆಲದಿಂದ ಕೀಳಲು ನೋಡುತ್ತವೆ. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕವಾದ ಐಎಸ್ 875ರ ಮೂರನೆಯ ಭಾಗವು ಮೂಲ ಗಾಳಿವೇಗವನ್ನು ಮೈಸೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಎಂದು ಕೊಡುತ್ತದೆ. ಈ ಎರಡು ಊರುಗಳ ನಡುವಿನ ಬೆಟ್ಟಸೀಮೆಯಾದ ನಮಗೆ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಹೆಚ್ಚಿನದಕ್ಕೆ ತಯಾರಾಗುವುದು ಒಳ್ಳೆಯದು. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್ ಲೆಕ್ಕದಲ್ಲಿ ಸಿಗುತ್ತದೆ, ಅದನ್ನು 9.8ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕ ಬರುತ್ತದೆ. 33 ಮೀಟರ್ ವೇಗಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 67 ಕೆ.ಜಿ., 39 ಮೀಟರಿಗೆ ಸುಮಾರು 93 ಕೆ.ಜಿ.

ನಮ್ಮ ಉದಾಹರಣೆಯ ಶೆಡ್ಡಿನ ಮಾಡು ಸುಮಾರು 11 ಚದರ ಮೀಟರ್. ಆ ಒತ್ತಡವೆಲ್ಲ ಮೇಲೆತ್ತುವ ಬಲವಾಗುತ್ತದೆ ಎಂದು ಹಿಡಿದರೆ 750ರಿಂದ 1,000 ಕೆ.ಜಿ.ಯವರೆಗೆ ಎತ್ತುವ ಬಲ ಬರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಶೀಟು ಮತ್ತು ಪೈಪಿನ ಚೌಕಟ್ಟು ಎಲ್ಲ ಸೇರಿ ಇಂಥ ಶೆಡ್ಡು ತೂಗುವುದು ಹೆಚ್ಚೆಂದರೆ 400 ಕೆ.ಜಿ. ಉಳಿದದ್ದನ್ನು ತಳ ಹಿಡಿಯಬೇಕು. ಒಂದು ಘನ ಅಡಿ ಕಾಂಕ್ರೀಟು ತೂಗುವುದು ಸುಮಾರು 68 ಕೆ.ಜಿ.; ಒಂದೊಂದು ಅಡಿ ಉದ್ದ, ಅಗಲ, ಆಳದ ನಾಲ್ಕು ಗುಂಡಿಗಳಿಗೆ ಸುರಿದ ಕಾಂಕ್ರೀಟು 272 ಕೆ.ಜಿ. ಶೆಡ್ಡಿನ ತೂಕಕ್ಕೆ ಅದನ್ನು ಕೂಡಿಸಿದರೂ 700 ಮುಟ್ಟುವುದಿಲ್ಲ. ಗುಂಡಿಯ ಸುತ್ತಲ ಮಣ್ಣಿನ ಬಿಗಿ ಬೇಸಿಗೆಯಲ್ಲಿ ಸ್ವಲ್ಪ ನೆರವಾಗಬಹುದು, ಆದರೆ ಎರಡು ತಿಂಗಳು ಮಳೆ ಕುಡಿದು ಮೆತ್ತಗಾದ ಮಣ್ಣಿನಿಂದ ಅಂಥ ನೆರವನ್ನು ನಿರೀಕ್ಷಿಸುವಂತಿಲ್ಲ. ನಮ್ಮ ಶೆಡ್ಡು ಮಗುಚಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ಈ ಕೂಡುವಿಕೆಯನ್ನು ಒಂದು ಚೀಟಿಯ ಮೇಲೆ ಮೊದಲೇ ಮಾಡಿದ್ದರೆ ತಿಳಿಯುತ್ತಿತ್ತು.

ಸುತ್ತ ಮರಗಳ ಮರೆಯಿದ್ದರೆ ಈ ಲೆಕ್ಕ ಇಳಿಯುತ್ತದೆ, ಗುಡ್ಡದ ನೆತ್ತಿಯಲ್ಲಿದ್ದರೆ ಏರುತ್ತದೆ. ಅದೇ ಮಾನಕದ ಪ್ರಕಾರ ಬೆಟ್ಟದ ಇಳಿಜಾರು ಮತ್ತು ನೆತ್ತಿಗಳಲ್ಲಿ ಗಾಳಿಯ ವೇಗವನ್ನು 1.36 ಪಟ್ಟಿನವರೆಗೆ ಹೆಚ್ಚಿಸಿ ಹಿಡಿಯಬೇಕಾಗುತ್ತದೆ. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಭಾಗಮಂಡಲ, ಗಾಳಿಬೀಡಿನ ಕಡೆ ಏರುಜಾಗದಲ್ಲಿ ಮನೆಯಿರುವವರು ಕುಶಾಲನಗರದ ಬಯಲಿನಲ್ಲಿ ನಿಂತ ಶೆಡ್ಡನ್ನು ನೋಡಿ ಅದೇ ಅಳತೆಯಲ್ಲಿ ಕಟ್ಟಬಾರದು.

ಜಾಗ ಮತ್ತು ಕಾಲ

ಇಳಿಜಾರನ್ನು ಕಡಿದು ಮಟ್ಟ ಮಾಡಿದ ಜಾಗದಲ್ಲಿ ಒಳಗಿನ ಅರ್ಧ ಗಟ್ಟಿ ನೆಲವಾಗಿಯೂ ಹೊರಗಿನ ಅರ್ಧ ತುಂಬಿಸಿದ ಮಣ್ಣಾಗಿಯೂ ಇರುತ್ತದೆ. ಶೆಡ್ಡು ಆ ಎರಡರ ಮೇಲೆ ಕಾಲೂರಿ ನಿಂತರೆ ತುಂಬಿಸಿದ ಕಡೆ ಕುಗ್ಗಿ, ಕಾಂಕ್ರೀಟು ಅಡ್ಡಲಾಗಿ ಬಿರುಕು ಬಿಡುತ್ತದೆ, ಆ ಬಿರುಕು ಬೋಲ್ಟಿನ ತೂತಿನ ಮೂಲಕ ಹಾದರೆ ಬೋಲ್ಟಿನ ಹಿಡಿತವೇ ಹೋಗುತ್ತದೆ. ಆದ್ದರಿಂದ ಇಡೀ ಶೆಡ್ಡು ಕಡಿದ ಗಟ್ಟಿ ನೆಲದ ಮೇಲೆಯೇ ಕೂರುವಂತೆ ನೋಡಿಕೊಳ್ಳಬೇಕು. ಹಾಗೆಂದು ಬರೆಗೆ, ಅಂದರೆ ಕಡಿದ ಮಣ್ಣಿನ ಗೋಡೆಗೆ, ಒತ್ತಿಕೊಂಡು ಕಟ್ಟುವಂತೆಯೂ ಇಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಏನಾಯಿತೆಂದು ಕಂಡವರಿಗೆ ಬರೆ ಕುಸಿಯುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರೆಯ ಎತ್ತರದಷ್ಟಾದರೂ ದೂರ ಬಿಟ್ಟು, ನಡುವೆ ನೀರು ಹರಿದು ಹೋಗಲು ಚರಂಡಿ ತೆಗೆದ ಮೇಲೆ ತಳದ ಗುರುತು ಹಾಕಬೇಕು. ಸಿಲ್ವರ್ ಓಕಿನ ಕೆಳಗೂ ಬೇಡ.

ನಮ್ಮಲ್ಲಿ ಮಳೆಗಾಲದ ಗಾಳಿ ಪಶ್ಚಿಮ ಮತ್ತು ನೈರುತ್ಯದಿಂದ ಬೀಸುವುದರಿಂದ ಶೆಡ್ಡಿನ ಬಾಗಿಲು ಅಥವಾ ತೆರೆದ ಪಕ್ಕ ಪೂರ್ವಕ್ಕಿರಲಿ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ, ಆದರೆ ಒಳಗಿನಿಂದ ಮಾಡನ್ನು ತಳ್ಳುವ ಬಲವನ್ನು ಇದೊಂದೇ ಬಹಳವಾಗಿ ತಗ್ಗಿಸುತ್ತದೆ.

ಕೆಲಸಕ್ಕೆ ಹೊಂದುವ ಕಾಲ ಕಾಫಿ ಕೊಯ್ಲು ಮುಗಿಯುತ್ತಾ ಬಂದಾಗ. ಮಾರ್ಚ್ ತಿಂಗಳಲ್ಲಿ ಕಾಂಕ್ರೀಟು ಹಾಕಿದರೆ ಏಪ್ರಿಲ್ ಕೊನೆಯ ಹೊತ್ತಿಗೆ ಅದು ಬಲಿತು ಬೋಲ್ಟು ಹೊಡೆಯಲು ಸಿದ್ಧವಾಗುತ್ತದೆ. ಮೇ ತಿಂಗಳ ಗುಡುಗು ಮಳೆಯ ಜೊತೆ ಬರುವ ಬಿರುಗಾಳಿ ಮುಂಗಾರಿಗಿಂತ ಹಠಾತ್ತಾದುದು; ಕಂಬಕ್ಕೆ ಬೋಲ್ಟು ಹಾಕದೆ, ಶೀಟು ಮಾತ್ರ ಹೊದಿಸಿ ‘ಉಳಿದದ್ದು ನಾಳೆ’ ಎಂದು ಬಿಡುವ ಒಂದು ಸಂಜೆಯೇ ಸಾಕಾಗುತ್ತದೆ. ಆದ್ದರಿಂದ ಕ್ರಮ ಯಾವಾಗಲೂ ಒಂದೇ ಆಗಿರಲಿ. ಮೊದಲು ಕಂಬಗಳು ಕಾಂಕ್ರೀಟಿಗೆ ಬಿಗಿದಿರಬೇಕು, ಆಮೇಲೆ ಮೇಲಿನ ಚೌಕಟ್ಟು, ಎಲ್ಲಕ್ಕಿಂತ ಕೊನೆಗೆ ಶೀಟು.

ತಳ ಹಾಕುವುದು

ಹತ್ತಕ್ಕೆ ಹನ್ನೆರಡು ಅಡಿಯ ಶೆಡ್ಡಿಗೆ ಹನ್ನೊಂದಕ್ಕೆ ಹದಿಮೂರು ಅಡಿಯ ತಳ ಬೇಕು. ದಾರ ಕಟ್ಟಿ ಗುರುತು ಹಾಕಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ಎರಡೂ ಸಮವಾಗಿದ್ದರೆ ಮಾತ್ರ ಮೂಲೆಗಳು ನೇರವಾಗಿವೆ ಎಂದರ್ಥ. ತಳದೊಳಗೆ ಶೆಡ್ಡಿಗೆ ಹಾಕುವ ಹತ್ತಕ್ಕೆ ಹನ್ನೆರಡರ ಗುರುತಿಗೆ ಕರ್ಣ 15 ಅಡಿ ಏಳೂವರೆ ಇಂಚು ಬರುತ್ತದೆ. ಮೇಲ್ಮಣ್ಣನ್ನು ಬೇರು, ಎಲೆಗೊಬ್ಬರ ಸಮೇತ ಪೂರ್ತಿ ತೆಗೆದು, ಗಟ್ಟಿ ನೆಲ ಸಿಕ್ಕ ಮೇಲೆ ಕಲ್ಲಿನ ಸೋಲಿಂಗ್ (ಕಲ್ಲುಗಳ ಪದರ) ಹಾಸಿ, ನೀರು ಹಾಕಿ ದಮ್ಮಸು ಮಾಡಿ ಗಟ್ಟಿಗೊಳಿಸಬೇಕು. ತಳದ ನಡುಭಾಗದಲ್ಲಿ ನಾಲ್ಕು ಇಂಚು ದಪ್ಪ ಸಾಕು. ಆದರೆ ಸುತ್ತಲೂ, ಕಂಬಗಳು ಕೂರುವ ಅಂಚಿನಲ್ಲಿ, ಒಂದು ಅಡಿ ಅಗಲಕ್ಕೆ ಒಂದು ಅಡಿ ಆಳದಷ್ಟು ಕಾಂಕ್ರೀಟು ಇಳಿಯುವಂತೆ ಕಾಲುವೆ ತೆಗೆಯಬೇಕು. ನಾಲ್ಕು ಇಂಚಿನ ಕಾಂಕ್ರೀಟಿನಲ್ಲಿ ಬೋಲ್ಟು ಆಳಕ್ಕೆ ಇಳಿಯುವಂತಿಲ್ಲ. ಹನ್ನೆರಡು ಇಂಚಿನಲ್ಲಿ ಅದು ನೆಮ್ಮದಿಯಾಗಿ ನಿಲ್ಲುತ್ತದೆ.

ಹೀಗೆ ಮಾಡಿದ ತಳಕ್ಕೆ ಸುಮಾರು 2.2 ಘನ ಮೀಟರ್ ಕಾಂಕ್ರೀಟು ಹಿಡಿಯುತ್ತದೆ, ತೂಕ 5 ಟನ್ನಿನ ಮೇಲೆ. ಗಾಳಿ ಕೇಳುವ ತೂಕಕ್ಕಿಂತ ಇದು ಎಷ್ಟೋ ಹೆಚ್ಚು. ಅಷ್ಟು ತೂಕವೂ ಒಟ್ಟಾಗಿ ದುಡಿಯಬೇಕಾದರೆ ಇಡೀ ತಳಕ್ಕೆ ಸರಳಿನ ಜಾಲ ಇರಲೇಬೇಕು. 8 ಎಂ.ಎಂ. ಸರಳನ್ನು ಎರಡೂ ಕಡೆ ಎಂಟೆಂಟು ಇಂಚಿಗೆ ಒಂದರಂತೆ ಹೆಣೆದು, ಅದರ ತುದಿಗಳನ್ನು ಅಂಚಿನ ಕಾಲುವೆಯೊಳಗೆ ಬಗ್ಗಿಸಿ ಇಳಿಸಬೇಕು. ಸರಳು ಮಣ್ಣಿಗೆ ತಾಗದಂತೆ ಕೆಳಗೆ ಕಾಂಕ್ರೀಟಿನ ಬಿಲ್ಲೆಗಳನ್ನು ಇಡುವುದನ್ನು ಮರೆಯಬಾರದು. ಸುರಿಯುವಾಗ ಕೈಯಲ್ಲಿ ಎತ್ತಿಕೊಳ್ಳುತ್ತೇವೆ ಎಂದು ಹೇಳುವವರ ಮಾತನ್ನು ನಂಬಿದರೆ ಸರಳು ನೆಲದಲ್ಲೇ ಉಳಿಯುತ್ತದೆ.

ಕಾಂಕ್ರೀಟು ಎಂ20 ದರ್ಜೆಯದಾಗಿರಲಿ. ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ನಮ್ಮ ಲೆಕ್ಕಕ್ಕೆ 18 ಮೂಟೆ ಸಿಮೆಂಟು ಬೇಕಾಗುತ್ತದೆ. ಒಂದು ಮೂಟೆಗೆ ನೀರು 30 ಲೀಟರ್ ಮೀರಬಾರದು ಎಂದು ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕವಾದ ಐಎಸ್ 456 ಹೇಳುತ್ತದೆ, ಒದ್ದೆ ಮರಳಿನಲ್ಲಿರುವ ನೀರೂ ಅದರೊಳಗೇ ಸೇರಬೇಕು. ಬಾಂಡ್ಲಿಯಿಂದ ಸುಲಭವಾಗಿ ಜಾರಲಿ ಎಂದು ನೀರು ಸುರಿಯುವ ಅಭ್ಯಾಸವೇ ಹಿತ್ತಲ ಕಾಂಕ್ರೀಟಿನ ದೊಡ್ಡ ಶತ್ರು. ಅಂಥ ಕಾಂಕ್ರೀಟಿಗೆ ಡ್ರಿಲ್ ಹಿಡಿದರೆ ಬಿಟ್ ಬೆಣ್ಣೆಯೊಳಗೆ ಹೋದಂತೆ ಹೋಗುತ್ತದೆ, ಬೋಲ್ಟು ಬಿಗಿಯುತ್ತಾ ಹೋದರೆ ನಟ್ಟಿಗೆ ಬಿಗಿ ಬರುವುದೇ ಇಲ್ಲ.

ತಳದ ಮೇಲ್ಮೈ ಸುತ್ತಲಿನ ನೆಲಕ್ಕಿಂತ ಆರು ಇಂಚಾದರೂ ಎತ್ತರ ಇರಬೇಕು. ಗೋಡೆಯ ಹೊರಗೆ ಉಳಿಯುವ ಅಂಚು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಬೇಕು, ಇಲ್ಲವಾದರೆ ಗೋಡೆಯ ಶೀಟಿನಿಂದ ಇಳಿದ ನೀರು ತಳದ ಮೇಲೆ ನಿಂತು ಒಳಕ್ಕೆ ಹರಿಯುತ್ತದೆ, ಬೇಸ್ ಪ್ಲೇಟಿನ ಕೆಳಗೂ ಸೇರುತ್ತದೆ. ಕಂಬಗಳು ನಿಂತ ಮೇಲೆ ಅವುಗಳ ನಡುವೆ ನಾಲ್ಕು ಇಂಚು ಎತ್ತರದ ಚಿಕ್ಕ ಕಟ್ಟೆ ಕಟ್ಟಿ, ಗೋಡೆಯ ಶೀಟು ಅದರ ಹೊರಗೆ ಇಳಿಯುವಂತೆ ಮಾಡಿದರೆ ನೀರಿನ ತೊಂದರೆ ತೀರುತ್ತದೆ.

ಸಾಮಾನ್ಯ ಸಿಮೆಂಟಾದರೆ ಏಳು ದಿನ, ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟು) ಆದರೆ ಹತ್ತು ದಿನವಾದರೂ ನೀರುಣಿಸಬೇಕು. ಇಂದು ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಿಪಿಸಿಯೇ. ಮಾರ್ಚಿನ ಬಿಸಿಲಿನಲ್ಲಿ ಹಳೆಯ ಗೋಣಿಚೀಲಗಳನ್ನು ಹಾಸಿ ಒದ್ದೆಯಾಗಿಟ್ಟರೆ ನೀರೂ ಉಳಿಯುತ್ತದೆ.

ಬೋಲ್ಟನ್ನು ಆರಿಸುವುದು

ಕಂಬವನ್ನು ಕಾಂಕ್ರೀಟಿಗೆ ಸೇರಿಸಲು ಮೂರು ಬಗೆಗಳಿವೆ. ಮೊದಲನೆಯದು ಕಾಂಕ್ರೀಟು ಸುರಿಯುವಾಗಲೇ ಜೆ ಆಕಾರದ ಫೌಂಡೇಶನ್ ಬೋಲ್ಟನ್ನು ಹುಗಿಯುವುದು. ಬಲದ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ಮೇಲು. ಬೋಲ್ಟಿನ ಕೊಕ್ಕೆಯನ್ನು ಸರಳಿನ ಕೆಳಗೆ ಸಿಕ್ಕಿಸಿಬಿಟ್ಟರೆ ಇಡೀ ತಳವೇ ಅದನ್ನು ಹಿಡಿದುಕೊಳ್ಳುತ್ತದೆ. ಕಷ್ಟವಿರುವುದು ಜಾಗ ತಪ್ಪದಂತೆ ನಿಲ್ಲಿಸುವುದರಲ್ಲಿ. ಬೇಸ್ ಪ್ಲೇಟಿನ ತೂತುಗಳನ್ನೇ ಪ್ಲೈವುಡ್ ತುಂಡಿನ ಮೇಲೆ ಗುರುತು ಮಾಡಿ ಕೊರೆದು, ಅದರಲ್ಲಿ ನಾಲ್ಕೂ ಬೋಲ್ಟುಗಳನ್ನು ಮೇಲೊಂದು ಕೆಳಗೊಂದು ನಟ್ಟು ಹಾಕಿ ನಿಲ್ಲಿಸಿ, ಆ ಪ್ಲೈವುಡ್ಡನ್ನು ದಾರಕ್ಕೆ ಸರಿಯಾಗಿ ಸೆಂಟ್ರಿಂಗ್ ಹಲಗೆಗೆ (ಕಾಂಕ್ರೀಟು ಹರಿದುಹೋಗದಂತೆ ಸುತ್ತ ಕಟ್ಟಿದ ಹಲಗೆಗೆ) ಮೊಳೆ ಹೊಡೆದು ಕೂರಿಸಬೇಕು. ಬೋಲ್ಟಿನ ಮರೆಯನ್ನು, ಅಂದರೆ ನಟ್ಟು ತಿರುಗುವ ಸುರುಳಿ ಗೆರೆಗಳನ್ನು, ಟೇಪಿನಿಂದ ಸುತ್ತಿಟ್ಟರೆ ಸಿಮೆಂಟು ಹಾಲು ಹತ್ತುವುದಿಲ್ಲ. ಸುರಿದ ಮೇಲೂ ಒಮ್ಮೆ ದಾರ ಹಿಡಿದು ನೋಡಬೇಕು. ಕಾಂಕ್ರೀಟು ಹಸಿಯಾಗಿರುವಾಗ ತಿದ್ದಿದರೆ ತಿದ್ದಿದ್ದು, ಮರುದಿನ ಸುತ್ತಿಗೆಯಿಂದ ಬಗ್ಗಿಸಿದ ಬೋಲ್ಟು ಅರ್ಧ ಬಲ ಕಳೆದುಕೊಂಡ ಬೋಲ್ಟು.

ಎರಡನೆಯದು ಬಲಿತ ಕಾಂಕ್ರೀಟಿಗೆ ತೂತು ಕೊರೆದು ಹೊಡೆಯುವ ಆಂಕರ್ ಬೋಲ್ಟು. ಬಿಗಿದಾಗ ಇದರ ಬುಡ ಅರಳಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಆ ಒತ್ತುವಿಕೆಯಿಂದಲೇ ಇದರ ಗುಣ, ಅದರಿಂದಲೇ ಇದರ ದೋಷ. ಅಂಚಿಗೆ ಹತ್ತಿರ ಹಾಕಿದರೆ ಕಾಂಕ್ರೀಟಿನ ಅಂಚೇ ಸೀಳಿ ಬೀಳುತ್ತದೆ. 12 ಎಂ.ಎಂ. ಬೋಲ್ಟಿಗೆ ಅಂಚಿನಿಂದ ಐದು ಇಂಚಾದರೂ ಒಳಗಿರಬೇಕೆಂಬುದು ನಾನು ಪಾಲಿಸುವ ಅಳತೆ. ಆರು ಇಂಚಿನ ಚೌಕ ಪ್ಲೇಟಿನ ಹೊರಗಿನ ತೂತುಗಳು ಆ ಅಳತೆಗೆ ಒಳಪಡಬೇಕಾದರೆ ಕಂಬದ ನಡುವು ತಳದ ಅಂಚಿನಿಂದ ಏಳು ಇಂಚು ಒಳಗೆ ಬರಬೇಕು. ತಳವನ್ನು ಶೆಡ್ಡಿಗಿಂತ ಒಂದು ಅಡಿ ಹೆಚ್ಚು ಮಾಡಿದ್ದು ಇದಕ್ಕಾಗಿಯೇ.

ಮೂರನೆಯದು ಕೆಮಿಕಲ್ ಆಂಕರ್, ಅಂದರೆ ತೂತಿನಲ್ಲಿ ಅಂಟು ತುಂಬಿ ಮರೆಯಿರುವ ಸರಳನ್ನು ಇಳಿಸಿ ಗಟ್ಟಿಯಾಗಲು ಬಿಡುವುದು. ಇದು ಕಾಂಕ್ರೀಟನ್ನು ಒಳಗಿನಿಂದ ಒತ್ತುವುದಿಲ್ಲವಾದ್ದರಿಂದ ಅಂಚಿಗೆ ಸ್ವಲ್ಪ ಹತ್ತಿರವಿದ್ದರೂ ನಡೆಯುತ್ತದೆ. ಹಳೆಯ ತಳಕ್ಕೆ ಶೆಡ್ಡು ಬಿಗಿಯುವಾಗ ಜಾಗ ಸಾಲದಿದ್ದರೆ ಇದೇ ದಾರಿ. ಬೆಲೆ ಹೆಚ್ಚು. ಮಡಿಕೇರಿಯ ಚಳಿಯ ಬೆಳಗಿನಲ್ಲಿ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು, ಡಬ್ಬದ ಮೇಲಿನ ಕೋಷ್ಟಕವನ್ನು ನೋಡಿ ಅಷ್ಟು ಹೊತ್ತು ಮುಟ್ಟದೆ ಬಿಡಬೇಕು.

ಯಾವುದನ್ನೇ ಆರಿಸಿದರೂ ತುಕ್ಕಿನ ಬಗ್ಗೆ ಯೋಚಿಸದೆ ಕೊಳ್ಳಬಾರದು. ಅಂಗಡಿಯಲ್ಲಿ ಹೊಳೆಯುವ ಬಿಳಿ ಅಥವಾ ಹಳದಿ ಬಣ್ಣದ ಬೋಲ್ಟುಗಳ ಮೇಲಿರುವುದು ತೆಳುವಾದ ಸತುವಿನ ಲೇಪ, ನಾಲ್ಕು ತಿಂಗಳು ಒಣಗದ ನಮ್ಮ ಹವೆಯಲ್ಲಿ ಅದು ಹೆಚ್ಚು ಕಾಲ ಬಾಳುವುದಿಲ್ಲ. ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಮಂಕು ಬೂದು ಬಣ್ಣದ, ಕೈಗೆ ಒರಟಾಗಿ ತಾಗುವ ಬೋಲ್ಟನ್ನೋ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದನ್ನೋ ಕೇಳಿ ತರಬೇಕು.

ಕೊರೆದು ಬಿಗಿಯುವುದು

ಕಾಂಕ್ರೀಟು ಹಾಕಿ 28 ದಿನ ಕಳೆಯುವ ಮೊದಲು ಅರಳುವ ಬೋಲ್ಟಿಗೆ ಕೈ ಹಾಕಬಾರದು. ಎಂ20 ಎಂಬ ಹೆಸರಿನಲ್ಲಿರುವ 20ರ ಬಲ ಕಾಂಕ್ರೀಟಿಗೆ ಬರುವುದೇ ಆ ಹೊತ್ತಿಗೆ.

ಕಂಬಕ್ಕೆ ಎಂಟು ಎಂ.ಎಂ. ದಪ್ಪದ ಬೇಸ್ ಪ್ಲೇಟನ್ನು ಮೊದಲೇ ವೆಲ್ಡಿಂಗ್ ಮಾಡಿಸಿ, ಬೆಸುಗೆಯ ಜಾಗವನ್ನು ಉಜ್ಜಿ ಸತುವಿನ ಬಣ್ಣ ಬಳಿದಿರಬೇಕು. ಉದ್ದದ ಎರಡು ಕಡೆ ಮೂರು ಮೂರರಂತೆ ಆರು ಕಂಬಗಳು ಸಾಕು. ಕಂಬವನ್ನು ಗುರುತಿನ ಮೇಲೆ ನಿಲ್ಲಿಸಿ, ರಸಮಟ್ಟ ಹಿಡಿದು ಎರಡೂ ಕಡೆಯಿಂದ ನೇರವಾಗಿದೆಯೆಂದು ನೋಡಿ, ತೂತಿನ ಜಾಗವನ್ನು ಬಳಪದಿಂದ ಗುರುತಿಸಿ, ಕಂಬವನ್ನು ಸರಿಸಿ ಕೊರೆಯಬೇಕು. ಎಷ್ಟು ಅಗಲದ ಬಿಟ್ ಬೇಕೆಂಬುದು ಬೋಲ್ಟಿನ ಬಗೆಯ ಮೇಲೆ ನಿಂತಿದೆ. ಒಂದು ಬಗೆಗೆ ಬೋಲ್ಟಿನಷ್ಟೇ ಅಗಲದ ತೂತು ಸಾಕಾದರೆ, ಹೊರಗೆ ತೋಳಿರುವ ಬಗೆಗೆ ಅದಕ್ಕಿಂತ ದೊಡ್ಡದು ಬೇಕು. ಡಬ್ಬದ ಮೇಲೆ ಬರೆದ ಅಳತೆಯನ್ನು ಓದದೆ ಅಂದಾಜಿನಲ್ಲಿ ಕೊರೆದರೆ ಆ ತೂತು ಹಾಳು. ಬಿಟ್ಟಿನ ಮೇಲೆ ಬೇಕಾದ ಆಳಕ್ಕೆ ಟೇಪ್ ಸುತ್ತಿ, ಅದಕ್ಕಿಂತ ಅರ್ಧ ಇಂಚು ಹೆಚ್ಚೇ ಇಳಿಸಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಯಾರನ್ನೂ ಬಿಡಬೇಡಿ, ಕಾಂಕ್ರೀಟಿನ ಆ ನುಣ್ಣನೆಯ ಧೂಳು ಶ್ವಾಸಕೋಶದಿಂದ ಹೊರಬರುವುದಿಲ್ಲ.

ಕೊರೆಯುವಾಗ ಹೊರಬರುವ ಪುಡಿಯನ್ನು ಗಮನಿಸುತ್ತಿದ್ದರೆ ಒಳಗೇನಿದೆಯೆಂದು ತಿಳಿಯುತ್ತದೆ. ಬೂದು ಬಣ್ಣದ ಒಣ ಪುಡಿ ಒಂದೇ ಸಮನೆ ಬರುತ್ತಿದ್ದರೆ ಒಳ್ಳೆಯ ಕಾಂಕ್ರೀಟು. ಪುಡಿ ಕಪ್ಪಾಗಿ ಮಿನುಗಿ, ಬಿಟ್ ಮುಂದೆ ಹೋಗದೆ ಕಿರುಗುಟ್ಟಿದರೆ ಸರಳು ಸಿಕ್ಕಿದೆ ಎಂದರ್ಥ. ಅದನ್ನು ಕಡಿಯಲು ಹೋಗದೆ, ಆ ತೂತನ್ನು ಕುಗ್ಗದ ಗ್ರೌಟಿನಿಂದ (ಸಂದು ತುಂಬುವ ಸಿಮೆಂಟು ಮಿಶ್ರಣದಿಂದ) ತುಂಬಿಸಿ, ಪ್ಲೇಟಿನಲ್ಲಿ ದೂರ ಬಿಟ್ಟು ಹೊಸ ತೂತು ಮಾಡಿಕೊಳ್ಳಬೇಕು. ಕೆಂಪು ಪುಡಿ ಬಂದರೆ ಬಿಟ್ ಕಾಂಕ್ರೀಟನ್ನು ದಾಟಿ ಮಣ್ಣಿಗೆ ಇಳಿದಿದೆ, ಅಂದರೆ ತಳ ಅಲ್ಲಿ ನಾವು ಅಂದುಕೊಂಡಷ್ಟು ದಪ್ಪವಿಲ್ಲ.

ತೂತಿನ ಧೂಳು ತೆಗೆಯುವುದನ್ನು ಹೆಚ್ಚಿನವರು ಬಾಯಿಂದ ಒಮ್ಮೆ ಊದಿ ಮುಗಿಸುತ್ತಾರೆ. ಧೂಳು ಗೋಡೆಗೆ ಹತ್ತಿಕೊಂಡಿದ್ದರೆ ಅರಳುವ ಬೋಲ್ಟು ಜಾರುತ್ತದೆ, ಕೆಮಿಕಲ್ ಅಂಟು ಕಾಂಕ್ರೀಟಿಗೆ ಅಂಟದೆ ಧೂಳಿಗೆ ಅಂಟುತ್ತದೆ. ಸೈಕಲ್ ಪಂಪಿಗೆ ಸಣ್ಣ ಕೊಳವೆ ಸಿಕ್ಕಿಸಿ ತೂತಿನ ಬುಡದಿಂದ ಊದಿ, ದುಂಡು ಬ್ರಷ್ಷಿನಿಂದ ಉಜ್ಜಿ, ಮತ್ತೆ ಊದಬೇಕು; ಧೂಳು ಬರುವುದು ನಿಲ್ಲುವವರೆಗೂ ಇದನ್ನು ಮಾಡಬೇಕು. ಕೆಮಿಕಲ್ ಆಂಕರಿಗಾದರೆ ಟ್ಯೂಬಿನಿಂದ ಮೊದಲು ಬರುವ, ಬಣ್ಣ ಸರಿಯಾಗಿ ಬೆರೆಯದ ಅಂಟನ್ನು ಹೊರಗೆ ಚೆಲ್ಲಿ, ಬುಡದಿಂದ ಮೇಲಕ್ಕೆ ತೂತಿನ ಮೂರರಲ್ಲಿ ಎರಡು ಪಾಲು ತುಂಬಿಸಿ, ಸರಳನ್ನು ತಿರುಗಿಸುತ್ತಾ ಇಳಿಸಬೇಕು.

ಕಂಬವನ್ನು ಮತ್ತೆ ನಿಲ್ಲಿಸಿ, ಪ್ಲೇಟಿನ ಮೂಲಕವೇ ಬೋಲ್ಟನ್ನು ಸುತ್ತಿಗೆಯಿಂದ ಹೊಡೆದು ಇಳಿಸಿ, ಅಗಲ ವಾಷರ್ ಹಾಕಿ ನಟ್ಟು ಬಿಗಿಯಬೇಕು. ಮರೆ ಕೆಡದಂತೆ ಹೊಡೆಯುವಾಗ ನಟ್ಟನ್ನು ತುದಿಗೆ ತಿರುಗಿಸಿಟ್ಟಿರಬೇಕು. ನಾಲ್ಕು ನಟ್ಟುಗಳನ್ನೂ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾ, ನಡುನಡುವೆ ರಸಮಟ್ಟ ನೋಡುತ್ತಾ ಹೋಗಬೇಕು. ಉದ್ದದ ಪೈಪು ಸಿಕ್ಕಿಸಿ ಬಲವಾಗಿ ತಿರುಗಿಸಿದರೆ ಬೋಲ್ಟು ಕತ್ತರಿಸಬಹುದು ಅಥವಾ ಕಾಂಕ್ರೀಟು ಸೀಳಬಹುದು. ಡಬ್ಬದಲ್ಲಿ ಹೇಳಿದಷ್ಟು ಬಿಗಿಗೆ ಟಾರ್ಕ್ ಸ್ಪ್ಯಾನರ್ ಸಿಕ್ಕಿದರೆ ಅದನ್ನೇ ಬಳಸಬೇಕು. ಪ್ಲೇಟಿನ ಕೆಳಗೆ ಸಂದು ಉಳಿದರೆ ಉಕ್ಕಿನ ತೆಳು ತುಂಡುಗಳಿಂದ ಮಟ್ಟ ಮಾಡಿ, ಕುಗ್ಗದ ಗ್ರೌಟು ತುಂಬಬೇಕು. ಟೊಳ್ಳಾಗಿ ಬಿಟ್ಟರೆ ಗಾಳಿಗೆ ಪ್ಲೇಟು ಬಡಿದುಕೊಂಡು ನಟ್ಟು ಸಡಿಲವಾಗುತ್ತದೆ.

ಕಂಬದಿಂದ ಮಾಡಿನವರೆಗೆ

ಬುಡ ಎಷ್ಟೇ ಭದ್ರವಾಗಿದ್ದರೂ ಕಂಬಗಳ ನಡುವೆ ಓರೆಯಾದ ಪಟ್ಟಿ ಇಲ್ಲದಿದ್ದರೆ ಪಕ್ಕದ ಗಾಳಿಗೆ ಇಡೀ ಚೌಕಟ್ಟು ಬಾಗಿ ಎಲ್ಲ ಭಾರವೂ ಬೇಸ್ ಪ್ಲೇಟಿನ ಬೆಸುಗೆಯ ಮೇಲೆ ಬೀಳುತ್ತದೆ. ನಾಲ್ಕೂ ಗೋಡೆಗಳಲ್ಲಿ ಒಂದೊಂದಾದರೂ ಓರೆಪಟ್ಟಿ ಇರಲಿ. ಪರ್ಲಿನ್ನನ್ನು ಕಂಬದ ತೊಲೆಗೆ ಬರಿಯ ಚುಕ್ಕಿ ಬೆಸುಗೆ ಇಟ್ಟು ಬಿಡದೆ, ಸುತ್ತಲೂ ಬೆಸೆಯಬೇಕು ಅಥವಾ ಆಂಗಲ್ ತುಂಡಿಟ್ಟು ಬೋಲ್ಟು ಹಾಕಬೇಕು. ಶೀಟಿನ ಸ್ಕ್ರೂಗಳನ್ನು ಅಂಚಿನ ಸಾಲು ಮತ್ತು ಮೂಲೆಗಳಲ್ಲಿ ಹತ್ತಿರ ಹತ್ತಿರ ಹಾಕಬೇಕು, ಏಕೆಂದರೆ ಗಾಳಿಯ ಹೀರುವಿಕೆ ಅಲ್ಲಿಯೇ ಎಲ್ಲಕ್ಕಿಂತ ಹೆಚ್ಚು. ಮಳೆ ಒಳಗೆ ಎರಚದಿರಲಿ ಎಂದು ನಾವು ಮಾಡನ್ನು ಎರಡು ಮೂರು ಅಡಿ ಮುಂದಕ್ಕೆ ಚಾಚುವುದುಂಟು. ಒಂದೂವರೆ ಅಡಿಗಿಂತ ಹೆಚ್ಚು ಬೇಡವೆಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಉದ್ದದ ಚಾಚು ಕೆಳಗಿನಿಂದ ಬರುವ ಗಾಳಿಗೆ ಹಿಡಿ ಕೊಟ್ಟಂತೆ ಆಗುತ್ತದೆ.

ಈಗಾಗಲೇ ನಿಂತಿರುವ ಶೆಡ್ಡುಗಳ ಮಾತು ಬೇರೆ. ಒಳ್ಳೆಯ ಕಾಂಕ್ರೀಟು ನೆಲದ ಮೇಲೆ ಬರಿದೇ ಕೂತಿರುವ ಶೆಡ್ಡಾದರೆ, ಪ್ರತಿ ಕಂಬದ ಬುಡಕ್ಕೂ ದಪ್ಪ ಎಲ್ ಆಂಗಲ್ ಹಾಕಿ, ಒಂದು ಮೈಯನ್ನು ಕಂಬಕ್ಕೆ ಆರಪಾರ ಬೋಲ್ಟಿನಿಂದಲೂ ಇನ್ನೊಂದನ್ನು ನೆಲಕ್ಕೆ ಆಂಕರಿನಿಂದಲೂ ಸೇರಿಸಬಹುದು. ಮೊದಲು ನೆಲದ ದಪ್ಪವನ್ನು ಒಂದು ಮೂಲೆಯಲ್ಲಿ ಅಗೆದು ನೋಡಬೇಕು, ಎರಡು ಇಂಚಿನ ಗಾರೆ ನೆಲಕ್ಕೆ ಬೋಲ್ಟು ಹೊಡೆದು ಪ್ರಯೋಜನವಿಲ್ಲ. ನಮ್ಮ ಹಳೆಯ ಶೆಡ್ಡಿನಂತೆ ಬಿಡಿ ಗುಂಡಿಗಳಲ್ಲಿ ಕಂಬ ಹುಗಿದಿದ್ದರೆ, ಕಂಬದಿಂದ ಕಂಬಕ್ಕೆ ಸುತ್ತಲೂ ಒಂದು ಅಡಿ ಅಗಲ, ಒಂದು ಅಡಿ ಆಳದ ಕಾಲುವೆ ತೆಗೆದು, ಸರಳು ಕಟ್ಟಿ, ಹಳೆಯ ಗಟ್ಟಿಗಳನ್ನೂ ಒಳಗೊಂಡು ಒಂದೇ ತೊಲೆಯಾಗುವಂತೆ ಕಾಂಕ್ರೀಟು ತುಂಬಬೇಕು. ಹತ್ತಕ್ಕೆ ಹನ್ನೆರಡು ಅಡಿಯ ಶೆಡ್ಡಿನ ಸುತ್ತ ಅಂಥ ತೊಲೆ 2,900 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಕೆಲಸ ಹಿಡಿದಾಗ ಕಾಂಕ್ರೀಟಿನ ಮೇಲ್ಮೈಗೆ ಸರಿಯಾಗಿ ಪೈಪಿನ ಬುಡವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ, ಹುಗಿದ ಕಂಬಗಳು ತುಕ್ಕು ಹಿಡಿದು ತೆಳುವಾಗುವುದು ಆ ಗೆರೆಯಲ್ಲೇ. ಸುತ್ತಿಗೆಯಿಂದ ತಟ್ಟಿದಾಗ ತಗಡಿನ ಸದ್ದು ಬಂದರೆ ಆ ಕಂಬವನ್ನು ಬದಲಿಸಬೇಕು.

ಹೊಸದಾಗಲಿ ಹಳೆಯದಾಗಲಿ, ಬಿಗಿಯುವ ಕೆಲಸ ಮುಗಿದ ದಿನವೇ ಪ್ರತಿ ನಟ್ಟಿನ ಮೇಲಿನಿಂದ ಪ್ಲೇಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದಿಡಿ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಆ ಗೆರೆ ಮುರಿದು ಕಾಣುತ್ತದೆ. ಮೇ ತಿಂಗಳ ಕೊನೆಗೆ ಒಮ್ಮೆ, ಕೊಡವರ ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕಳೆದು ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಟಾರ್ಚ್ ಹಿಡಿದು ಆರೂ ಕಂಬಗಳ ಬುಡವನ್ನು ನೋಡಬೇಕು. ಸೌದೆಯ ರಾಶಿ ಅಡ್ಡವಾಗಿ ಬುಡಗಳು ಕಾಣದೆ ಹೋಗುವುದರಿಂದ, ಒಟ್ಟುವಾಗಲೇ ಪ್ರತಿ ಕಂಬದ ಸುತ್ತ ಒಂದು ಅಡಿ ಜಾಗ ಬಿಟ್ಟು ಒಟ್ಟಿರಿ.